ಎಪಿ ಎಷ್ಟು ಅಂತ ಆಮೇಲೆ ನೋಡೋಣ, ಮೊದಲು ಗಣಿತ ಎಲ್ಲಿಂದ ಶುರು ಅಂತ ನೋಡು ತಂಗಿ

ತಂಗಿ, ನಿನ್ನ ಪ್ರಶ್ನೆ ಓದಿದೆ. ಬಾಗಲಕೋಟೆ ನವನಗರದಲ್ಲಿ ಇದ್ದೀರಿ, ಮಗ 9ನೇ ಕ್ಲಾಸ್ ಮುಗಿಸುತ್ತಿದ್ದಾನೆ, ಯಜಮಾನರಿಗೆ ಅಮೆರಿಕದ ಟೆಕ್ಸಾಸ್ ರಾಜ್ಯದ ಡಾಲಸ್‌ಗೆ ವರ್ಗವಾಗಿದೆ, ಜುಲೈನಲ್ಲಿ ಹೊರಡಬೇಕು. ಅಲ್ಲಿ ಹೈಸ್ಕೂಲಿನಲ್ಲೇ ಎಪಿ ಅಂತ ಕಾಲೇಜು ಮಟ್ಟದ ಕೋರ್ಸ್ ಇರುತ್ತವಂತೆ, ಎಷ್ಟು ತೆಗೆದುಕೊಂಡರೆ ಎಂಜಿನಿಯರಿಂಗ್ ಸೀಟು ಸಿಗುತ್ತದೆ, ಟ್ಯೂಷನ್ ಬೇಕಾ, ಎಸ್ಸೆಸ್ಸೆಲ್ಸಿ ಮುಗಿಸಿಕೊಂಡೇ ಬರಬೇಕಾ ಅಂತ ಕೇಳಿದ್ದೀಯ. ನಾನು ಜಮಖಂಡಿಯವಳು. ನನ್ನ ಮಗಳೂ ಬಾಗಲಕೋಟೆಯಲ್ಲೇ 9ನೇ ಕ್ಲಾಸ್ ಮುಗಿಸಿ ಇಲ್ಲಿಗೆ, ಅಮೆರಿಕಕ್ಕೆ, ಬಂದವಳು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತು ಮಾಡಿಕೊಂಡು ಓದು.

ಟ್ಯೂಷನ್ ಈಗಲೇ ಬೇಡ. ಮೊದಲ ಆರು ತಿಂಗಳು ಹುಡುಗನಿಗೆ ಊರು, ಮಾತು, ಬಸ್ಸು, ಮಧ್ಯಾಹ್ನದ ಊಟದ ಗದ್ದಲ ಇಷ್ಟು ಅರ್ಥವಾದರೆ ಸಾಕು.

ಎಸ್ಸೆಸ್ಸೆಲ್ಸಿ ವಿಚಾರ ಅಷ್ಟು ಸುಲಭ ಇಲ್ಲ. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯವಾಗಿ ಎಲ್ಲರೂ ಹಾಕುವ ಕಲಮಿನಲ್ಲಿ ಎರಡು ಮಾತು ಇವೆ. ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿಯನ್ನೋ ದ್ವಿತೀಯ ಪಿಯುಸಿಯನ್ನೋ ಅಲ್ಲೇ ಪಾಸಾಗಿರಬೇಕು. 9ಕ್ಕೇ ಬಿಟ್ಟು ಬಂದರೆ 7 ವರ್ಷ ತುಂಬಿದ್ದರೂ ಎರಡನೆಯದು ಇರುವುದಿಲ್ಲ. ನಾಳೆ ವೀಸಾ ತೊಂದರೆಯಾಗಿ ವಾಪಸ್ ಬರಬೇಕಾದರೆ ಇದು ನೆನಪಿರಲಿ. ಎರಡು ಮೂರು ವರ್ಷದಲ್ಲಿ ಊರಿಗೇ ಮರಳುವ ಯೋಚನೆ ಇದ್ದರೆ ಎಸ್ಸೆಸ್ಸೆಲ್ಸಿ ಮುಗಿಸಿಯೇ ಬಾ, ಅತ್ತೆ-ಮಾವನ ಹತ್ತಿರ ಒಂದು ವರ್ಷ ಬಿಟ್ಟರೂ ಚಿಂತೆ ಇಲ್ಲ. ಇಲ್ಲೇ ನಿಲ್ಲುವುದು ಖಾತ್ರಿ ಇದ್ದರೆ ಈಗಲೇ ಕರೆದುಕೊಂಡು ಬಾ. ಯಾಕೆಂದರೆ ಇಲ್ಲಿ ಹೈಸ್ಕೂಲು ಅಂದರೆ 9ರಿಂದ 12, ನಾಲ್ಕು ವರ್ಷ. ತಡವಾಗಿ ಬಂದಷ್ಟೂ ಕೈಯಲ್ಲಿ ವರ್ಷ ಕಡಿಮೆ.

ಇಲ್ಲಿ ಪಿಸಿಎಂಬಿ ಇಲ್ಲ. ಧಾರವಾಡಕ್ಕೋ ಮೂಡಬಿದಿರೆಗೋ ಕಳಿಸಿ, ಎರಡು ವರ್ಷ ಹಾಸ್ಟೆಲ್‌ನಲ್ಲಿಟ್ಟು, ಒಂದು ಪರೀಕ್ಷೆ ಬರೆಸಿ, ಬಂದ ರ‍್ಯಾಂಕಿನ ಮೇಲೆ ಎಲ್ಲ ನಿರ್ಧಾರ ಮಾಡುವ ನಮ್ಮ ಪದ್ಧತಿಯನ್ನು ಸ್ವಲ್ಪ ಮರೆತುಬಿಡು. ಪ್ರತಿ ಸೆಮಿಸ್ಟರಿನ ಗ್ರೇಡೂ ಟ್ರಾನ್ಸ್‌ಕ್ರಿಪ್ಟ್ ಅನ್ನುವ ಹಾಳೆಯ ಮೇಲೆ ಕೂರುತ್ತದೆ. ಕೋರ್ಸ್ ಎಷ್ಟು ಕಷ್ಟದ್ದು ಅನ್ನುವುದೂ ಅದರಲ್ಲೇ ಕಾಣುತ್ತದೆ. ಎಸ್‌ಎಟಿ ಅನ್ನುವ ಕಾಲೇಜು ಪ್ರವೇಶದ ಪರೀಕ್ಷೆ ಇದೆ, 1600ಕ್ಕೆ, ಆದರೆ ಅದೊಂದೇ ಮುಖ್ಯ ಅಲ್ಲ. ಎಪಿ ಕಾಲೇಜ್ ಬೋರ್ಡ್ ನಡೆಸುವ ಕೋರ್ಸು. ವರ್ಷವಿಡೀ ಶಾಲೆಯಲ್ಲಿ ಪಾಠ, ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. 3 ಬಂದರೆ ಪಾಸಾದ ಹಾಗೆ, 4-5 ಬಂದರೆ ಯೂನಿವರ್ಸಿಟಿಯಲ್ಲಿ ಆ ವಿಷಯದ ಕ್ರೆಡಿಟ್, ಅಂದರೆ ಆ ಕೋರ್ಸ್ ಮುಗಿಸಿದ ಲೆಕ್ಕ, ಸಿಗುವ ಸಾಧ್ಯತೆ ಜಾಸ್ತಿ. ಒಂದು ಪರೀಕ್ಷೆಗೆ ಸುಮಾರು 100 ಡಾಲರ್. ದುಡ್ಡು ಕಟ್ಟಿ ಹೆಸರು ಕೊಡುವುದು ಮಾತ್ರ ನವೆಂಬರ್‌ನಲ್ಲೇ, ಅದನ್ನು ಮರೆಯಬೇಡ.

ಈಗ ನನ್ನ ಅಸಲಿ ಮಾತಿಗೆ ಬರುತ್ತೇನೆ.

ಶಾಲೆಗೆ ಹೆಸರು ಹಚ್ಚಲು ಹೋದ ದಿನ ಕೌನ್ಸೆಲರ್ ಅಂತ ಒಬ್ಬರು ಕೂರಿಸಿ ಮಾತಾಡಿಸುತ್ತಾರೆ. ಮಗು ಯಾವ ಕೋರ್ಸಿಗೆ ಕೂರಬೇಕು ಅಂತ ಬರೆಯುವವರು ಅವರೇ. ನಮ್ಮ ಕೌನ್ಸೆಲರ್ ಮಗಳ ಮಾರ್ಕ್ಸ್ ಕಾರ್ಡ್ ಹಿಡಿದು ಸಾಲು ಸಾಲಾಗಿ ಬೆರಳಾಡಿಸಿದರು. ಗಣಿತ ಅನ್ನುವ ಸಾಲಿಗೆ ಬೆರಳು ನಿಂತಿತು. 100ಕ್ಕೆ 96. ಇದು ಆಲ್ಜೀಬ್ರಾನಾ, ಜಾಮೆಟ್ರೀನಾ ಅಂತ ಕೇಳಿದರು. ಎರಡೂ ಅಂದೆ. ಎರಡೂ ಹೇಗೆ, ಇಲ್ಲಿ ಒಂದೇ ಸಾಲು ಇದೆಯಲ್ಲ ಅಂದರು. ನಮ್ಮಲ್ಲಿ ಬೀಜಗಣಿತ, ರೇಖಾಗಣಿತ, ಅಂಕಿ-ಅಂಶ ಎಲ್ಲ ಒಂದೇ ಪುಸ್ತಕದಲ್ಲಿ ಇರುತ್ತವೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಇಲ್ಲಿ ಒಂದು ವರ್ಷ ಆಲ್ಜೀಬ್ರಾ 1, ಮುಂದಿನ ವರ್ಷ ಜಾಮೆಟ್ರಿ, ಆಮೇಲೆ ಆಲ್ಜೀಬ್ರಾ 2, ಆಮೇಲೆ ಪ್ರಿಕ್ಯಾಲ್ಕ್ಯುಲಸ್, ಅದಾದ ಮೇಲೆ ಕ್ಯಾಲ್ಕ್ಯುಲಸ್, ಅಂದರೆ ಕಲನಶಾಸ್ತ್ರ. ಒಂದು ಮೆಟ್ಟಿಲು ಹತ್ತದೆ ಮುಂದಿನದಕ್ಕೆ ಕಾಲಿಡಲು ಬಿಡುವುದಿಲ್ಲ.

ಒಂದು ಟೆಸ್ಟ್ ಇಟ್ಟರು. ನಾವು ಬಂದು ಇನ್ನೂ ವಾರ ಆಗಿರಲಿಲ್ಲ, ಹುಡುಗಿ ಹಗಲು ಹೊತ್ತು ತೂಕಡಿಸುತ್ತಿದ್ದಳು. ಲೆಕ್ಕಗಳು ಅವಳಿಗೆ ಬರುವವೇ, ಸಮೀಕರಣ ಎರಡು ಮೂರು ಸಾಲಿನಲ್ಲಿ ಮುಗಿಸುವಂಥವು. ಆದರೆ ಒಂದರಲ್ಲಿ, ಒಬ್ಬನ ಹತ್ತಿರ ಇಷ್ಟು ನಿಕಲ್, ಇಷ್ಟು ಡೈಮ್, ಒಟ್ಟು ಇಷ್ಟು ಡಾಲರ್ ಅಂತ ಇತ್ತು. ಡೈಮ್ ಅಂದರೆ 10 ಸೆಂಟು, ನಿಕಲ್ ಅಂದರೆ 5 ಸೆಂಟು ಅಂತ ಅವಳಿಗೆ ಯಾರು ಹೇಳಿದ್ದರು? ಇನ್ನೊಂದರಲ್ಲಿ ಅಡಿ, ಯಾರ್ಡು, ಮೈಲು. ಗ್ರಾಫ್ ಬರೆಯುವ ಕ್ಯಾಲ್ಕ್ಯುಲೇಟರ್ ಕೈಗೆ ಕೊಟ್ಟರು. ನಮ್ಮ ಕಡೆ ಪರೀಕ್ಷೆಗೆ ಕ್ಯಾಲ್ಕ್ಯುಲೇಟರ್ ತರಬಾರದು ಅಂತ ಬೆಳೆದ ಹುಡುಗಿ ಅದನ್ನು ಪಕ್ಕಕ್ಕಿಟ್ಟು ಕೈಯಲ್ಲೇ ಮಾಡುತ್ತಾ ಕೂತಳು, ಟೈಮ್ ಮುಗಿಯಿತು. 10ನೇ ಕ್ಲಾಸಿಗೆ ಜಾಮೆಟ್ರಿ ಅಂತ ಬರೆದರು. ಮಾಸ್ತರು ಹೇಳಿದ ಮೇಲೆ ಅದಕ್ಕೆ ಎದುರು ಮಾತಾಡುವ ರೂಢಿ ನಮ್ಮಲ್ಲಿ ಎಲ್ಲಿದೆ? ನಮಸ್ಕಾರ ಮಾಡಿ ಬಂದೆವು.

ಇದರ ಪರಿಣಾಮ ಗೊತ್ತಾಗುವುದು ಎರಡು ವರ್ಷ ಆದ ಮೇಲೆ. 10ಕ್ಕೆ ಜಾಮೆಟ್ರಿ, 11ಕ್ಕೆ ಆಲ್ಜೀಬ್ರಾ 2, 12ಕ್ಕೆ ಪ್ರಿಕ್ಯಾಲ್ಕ್ಯುಲಸ್. ಅಲ್ಲಿಗೆ ಹೈಸ್ಕೂಲೇ ಮುಗಿಯಿತು. ಕ್ಯಾಲ್ಕ್ಯುಲಸ್ ಇಲ್ಲ. ಕ್ಯಾಲ್ಕ್ಯುಲಸ್ ಇಲ್ಲದೆ ಅದನ್ನೇ ಬಳಸುವ ಫಿಸಿಕ್ಸ್ ಕೋರ್ಸು, ಎಪಿ ಫಿಸಿಕ್ಸ್ ಸಿ, ಅದೂ ಇಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಬೇಕು ಅಂತ ಆಸೆ ಇಟ್ಟುಕೊಂಡವಳಿಗೆ ಇವೆರಡೇ ಬೇಕಾಗಿದ್ದವು. ಇನ್ನೊಂದು ಪೆಟ್ಟು, ಗ್ರೇಡುಗಳ ಸರಾಸರಿ ನೋಡಿ ಶಾಲೆಯೊಳಗೇ ಕೊಡುವ ರ‍್ಯಾಂಕಿನಲ್ಲಿ. ಸಾಮಾನ್ಯ ಕ್ಲಾಸಿನಲ್ಲಿ ಎ ಬಂದರೆ 4, ಎಪಿ ಕ್ಲಾಸಿನಲ್ಲಿ ಎ ಬಂದರೆ ಬಹಳ ಶಾಲೆಗಳಲ್ಲಿ 5 ಅಂತ ಲೆಕ್ಕ, ಶಾಲೆಯಿಂದ ಶಾಲೆಗೆ ಬೇರೆ ಇರುತ್ತದೆ. ಮಗಳು ಎಲ್ಲದರಲ್ಲೂ ಎ ತಂದಳು, ಆದರೂ ರ‍್ಯಾಂಕ್ ಕೆಳಗೇ ಉಳಿಯಿತು. ಆಮೇಲೆ ಬೇರೆ ದಾರಿಯಿಂದ ಓದಿ ಎಂಜಿನಿಯರ್ ಆದಳು, ಈಗ ಒಳ್ಳೆ ಕೆಲಸದಲ್ಲಿದ್ದಾಳೆ, ನನಗೆ ಅವಳ ಬಗ್ಗೆ ಬಹಳ ಹೆಮ್ಮೆ. ಆದರೆ ಅವಳು ಬಯಸಿದ ಕಾಲೇಜಿಗೆ ಅರ್ಜಿ ಹಾಕದೇ ಬಿಟ್ಟ ಆ ರಾತ್ರಿ, ಅಡುಗೆಮನೆ ಕಟ್ಟೆಗೆ ಒರಗಿ "ಅವ್ವಾ, ನನಗೆ ಗಣಿತ ಬರ್ತಿತ್ತಲ್ಲ" ಅಂದಿದ್ದು ಇವತ್ತಿಗೂ ಚುಚ್ಚುತ್ತದೆ.

ಅದಕ್ಕೇ ಹೇಳುತ್ತೇನೆ, ಎಪಿ ಎಷ್ಟು ಅನ್ನುವ ಲೆಕ್ಕ ಆಮೇಲೆ. ನಿನ್ನ ಮಗ 10ಕ್ಕೆ ಆಲ್ಜೀಬ್ರಾ 2ರಲ್ಲಿ ಕೂರಬೇಕು, 11ಕ್ಕೆ ಪ್ರಿಕ್ಯಾಲ್ಕ್ಯುಲಸ್, 12ಕ್ಕೆ ಎಪಿ ಕ್ಯಾಲ್ಕ್ಯುಲಸ್. ಇದಕ್ಕೆ ಬೇಕಾದ ಗಣಿತ ಅವನಿಗೆ ಬರುತ್ತದೆ. ನಮ್ಮ ರಾಜ್ಯದ 9ನೇ ಕ್ಲಾಸ್ ಪುಸ್ತಕ ಏನೂ ಕಡಿಮೆ ಅಲ್ಲ. ಬಹುಪದೋಕ್ತಿ, ಎರಡು ಚರಾಕ್ಷರದ ಸಮೀಕರಣ, ತ್ರಿಭುಜ, ಚತುರ್ಭುಜ, ವೃತ್ತ, ಹೆರಾನನ ಸೂತ್ರ ಎಲ್ಲ ಅದರಲ್ಲಿದೆ. ಬರುತ್ತದೆ ಅಂತ ಕಾಗದದ ಮೇಲೆ ತೋರಿಸಬೇಕು, ಅಷ್ಟೇ.

ಹೆಡ್ ಮಾಸ್ತರರಿಂದ ಶಾಲೆಯ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೋ. 8 ಮತ್ತು 9ರಲ್ಲಿ ಗಣಿತದ ಯಾವ ಯಾವ ಅಧ್ಯಾಯ ಆಯಿತು, ಅದರಲ್ಲಿ ಬೀಜಗಣಿತ ಯಾವುದು, ರೇಖಾಗಣಿತ ಯಾವುದು, ವಾರಕ್ಕೆ ಎಷ್ಟು ಪಿರಿಯಡ್ ಅಂತ. ಸಹಿ, ದುಂಡು ಸೀಲು ಎರಡೂ ಇರಲಿ. ವಿಜ್ಞಾನಕ್ಕೂ ಹಾಗೇ, ಭೌತ, ರಸಾಯನ, ಜೀವಶಾಸ್ತ್ರ ಬೇರೆ ಬೇರೆ ಮಾಡಿ ಬರೆಸು, ಇಲ್ಲದಿದ್ದರೆ ಅಲ್ಲೂ ಇದೇ ಪ್ರಶ್ನೆ ಬರುತ್ತದೆ. 8, 9, 10ರ ಗಣಿತ ಪುಸ್ತಕಗಳನ್ನೂ ಹಾಕಿಕೊಂಡು ಬಾ, ಇಂಗ್ಲಿಷ್ ಮಾಧ್ಯಮದ್ದು. ಸೂಟ್‌ಕೇಸಿನಲ್ಲಿ ತೂಕ ಹೆಚ್ಚಾದರೆ ಜೋಳದ ಹಿಟ್ಟು ತೆಗೆ, ಪುಸ್ತಕ ತೆಗೆಯಬೇಡ. ಹಿಟ್ಟು ಇಲ್ಲಿ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ರುಚಿ ನಮ್ಮ ಬಿಳಿಜೋಳದ್ದಲ್ಲ, ಆದರೂ ರೊಟ್ಟಿ ಆಗುತ್ತದೆ.

ಇಷ್ಟಾಗಿಯೂ ಒಪ್ಪದಿದ್ದರೆ ಕ್ರೆಡಿಟ್ ಬೈ ಎಕ್ಸಾಮ್ ಅಂತ ಕೇಳು. ಟೆಕ್ಸಾಸ್‌ನಲ್ಲಿ ಇದು ಕಾನೂನಿನಲ್ಲೇ ಇದೆ. ಶಾಲೆಯಲ್ಲಿ ಆ ಕೋರ್ಸಿಗೆ ಕೂರದೆ ಪರೀಕ್ಷೆ ಬರೆದು 100ಕ್ಕೆ 80 ತಂದರೆ ಅದರ ಕ್ರೆಡಿಟ್ ಸಿಗುತ್ತದೆ. ಆದರೆ ವರ್ಷಕ್ಕೆ ಕೆಲವೇ ಸಲ ಇರುತ್ತದೆ, ಮುಂಚೆ ಹೆಸರು ಕೊಡಬೇಕು. ಅದೂ ಆಗಲಿಲ್ಲ ಅಂದರೆ 10ರಲ್ಲೇ ಜಾಮೆಟ್ರಿ, ಆಲ್ಜೀಬ್ರಾ 2 ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಲು ಬಹಳ ಶಾಲೆಗಳು ಬಿಡುತ್ತವೆ. ನಮಗೆ ಇದು ತಿಳಿದದ್ದು ಮಗಳು 12ಕ್ಕೆ ಬಂದ ಮೇಲೆ, ಅದೂ ಗುಡಿಯಲ್ಲಿ ಪ್ರಸಾದಕ್ಕೆ ಸಾಲಿನಲ್ಲಿ ನಿಂತಾಗ ಇನ್ನೊಬ್ಬರ ಬಾಯಲ್ಲಿ. ಕೌನ್ಸೆಲರ್ ತಾವಾಗಿ ಹೇಳುವುದಿಲ್ಲ, ಕೇಳಿದರೆ ಮಾಡಿಕೊಡುತ್ತಾರೆ. ಇಲ್ಲಿ ಕೇಳುವುದು ಉದ್ಧಟತನ ಅಲ್ಲ. ಮೊದಲು ಇಮೇಲ್ ಬರೆ, ಆಮೇಲೆ ಭೇಟಿಗೆ ಹೋಗು, ನಿಮ್ಮ ಯಜಮಾನರೂ ಜೊತೆಗಿರಲಿ. ಬರುವ ಮೊದಲು ಹುಡುಗನಿಗೆ ಇಲ್ಲಿನ ನಾಣ್ಯ, ಅಡಿ-ಇಂಚು, ಗ್ಯಾಲನ್ ಹೇಳಿಕೊಡು. ಶಾಲೆ ಸೇರುವುದು ಆಗಸ್ಟ್ ಮಧ್ಯದಲ್ಲಿ, ಆದಷ್ಟು ಜುಲೈ ಮೊದಲ ವಾರವೇ ಬಂದುಬಿಡಿ. ನಿದ್ದೆ ಸರಿಯಾದ ಮೇಲೆ ಟೆಸ್ಟಿಗೆ ಕೂರಲಿ.

ಎಪಿಗೆ ಬರೋಣ. 10ಕ್ಕೆ ಒಂದು ಸಾಕು, ಬೇಕಾದರೆ ಕಂಪ್ಯೂಟರ್ ಸೈನ್ಸ್. 11ಕ್ಕೆ ಎರಡು ಮೂರು, 12ಕ್ಕೆ ಕ್ಯಾಲ್ಕ್ಯುಲಸ್, ಫಿಸಿಕ್ಸ್ ಸಿ, ಮತ್ತೆ ಅವನಿಗೆ ಇಷ್ಟವಾದದ್ದೊಂದು. ಪಕ್ಕದ ಮನೆಯ ಹುಡುಗ 12 ಎಪಿ ಮಾಡಿದ ಅಂತ ಹೇಳುವವರು ಇಲ್ಲಿ ಬಹಳ, ಅವರ ಮಾತಿಗೆ ಕಿವಿ ಕೊಡಬೇಡ. ಅಮೆರಿಕದ ಇತಿಹಾಸದ ಎಪಿ ಮಾತ್ರ ಹೊಸಬರಿಗೆ ಭಾರಿ ಕಷ್ಟ, ಹಳೇ ದಾಖಲೆಗಳನ್ನು ಓದಿ ಗಡಿಯಾರ ನೋಡಿಕೊಂಡು ಪ್ರಬಂಧ ಬರೆಯಬೇಕು. ಅದಕ್ಕೆ ಡ್ಯುಯಲ್ ಕ್ರೆಡಿಟ್ ಒಳ್ಳೆಯದು. ಅಂದರೆ ಹೈಸ್ಕೂಲಿನಲ್ಲಿ ಇರುವಾಗಲೇ ಕಮ್ಯುನಿಟಿ ಕಾಲೇಜಿನ ಕೋರ್ಸು. ಟೆಕ್ಸಾಸ್‌ನ ಸರ್ಕಾರಿ ಯೂನಿವರ್ಸಿಟಿಯಲ್ಲಿ ಯಾವ ಡಿಗ್ರಿ ಮಾಡಿದರೂ ಅಮೆರಿಕದ ಇತಿಹಾಸ 6 ಕ್ರೆಡಿಟ್ ಗಂಟೆ, ಸರ್ಕಾರ ಅನ್ನುವ ವಿಷಯ 6 ಕ್ರೆಡಿಟ್ ಗಂಟೆ, ಅಂದರೆ ಎರಡೆರಡು ಕೋರ್ಸು ಓದಲೇಬೇಕು, ಅದು ಹೀಗೆ ಮೊದಲೇ ಮುಗಿಯುತ್ತದೆ. ಒಂದೇ ಎಚ್ಚರ, ಅಲ್ಲಿ ಬಂದ ಗ್ರೇಡು ಕಾಲೇಜಿನ ದಾಖಲೆಯಲ್ಲಿ ಕಾಯಂ ಆಗಿ ಉಳಿಯುತ್ತದೆ.

ಸೀಟಿನ ವಿಷಯ. 1997ರ ಕಾನೂನಿನ ಪ್ರಕಾರ ಶಾಲೆಯಲ್ಲಿ ಮೊದಲ 10 ಪರ್ಸೆಂಟಿನಲ್ಲಿ ಇದ್ದವರಿಗೆ ಟೆಕ್ಸಾಸ್‌ನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಾಸ್‌ಗೆ ಮಾತ್ರ ಇದು 2026ರ ಪ್ರವೇಶದಿಂದ 5 ಪರ್ಸೆಂಟ್. ಆದರೆ ಯೂನಿವರ್ಸಿಟಿ ಸಿಕ್ಕಿತು ಅಂದರೆ ಎಂಜಿನಿಯರಿಂಗ್ ಸಿಕ್ಕಿತು ಅಂತ ಅಲ್ಲ, ಅದಕ್ಕೆ ಬೇರೆ ಪೈಪೋಟಿ. ಟೆಕ್ಸಾಸ್ ಎ ಅಂಡ್ ಎಂ ಯೂನಿವರ್ಸಿಟಿಯಲ್ಲಿ ಮೊದಲ ವರ್ಷ ಎಲ್ಲರಿಗೂ ಜನರಲ್ ಎಂಜಿನಿಯರಿಂಗ್, ಬ್ರ್ಯಾಂಚ್ ಸಿಗುವುದು ಆ ವರ್ಷದ ಗ್ರೇಡಿನ ಮೇಲೆ. ಆ ಮೊದಲ ವರ್ಷ ನಿಭಾಯಿಸಲಿಕ್ಕೂ ಹೈಸ್ಕೂಲಿನ ಕ್ಯಾಲ್ಕ್ಯುಲಸ್ಸೇ ಬೇಕು.

ದುಡ್ಡು, ವೀಸಾ ಬಗ್ಗೆ ಇಷ್ಟೇ: ಡಿಪೆಂಡೆಂಟ್ ವೀಸಾದ ಮಕ್ಕಳಿಗೆ ಫೆಡರಲ್ ಸರ್ಕಾರದ ವಿದ್ಯಾರ್ಥಿ ಸಹಾಯ ಇಲ್ಲ, 21 ತುಂಬಿದರೆ ಆ ವೀಸಾ ಮುಗಿಯುತ್ತದೆ. ಅದಕ್ಕೇ ಎಪಿ, ಡ್ಯುಯಲ್ ಕ್ರೆಡಿಟ್‌ನಿಂದ ಒಂದು ಸೆಮಿಸ್ಟರ್ ಉಳಿದರೂ ನಮ್ಮಂಥವರಿಗೆ ಲಾಭ.

ಮುಂದೆ ರಜೆಗೆ ಊರಿಗೆ ಹೋಗುವಾಗ ಜೂನ್‌ಗಿಂತ ಮೊದಲಿನ ಟಿಕೆಟ್ ತೆಗೆಯಬೇಡ. ಇಲ್ಲಿ 90 ಪರ್ಸೆಂಟ್ ಹಾಜರಿ ಇಲ್ಲದಿದ್ದರೆ ಕ್ರೆಡಿಟ್‌ಗೇ ಕತ್ತರಿ. ಬನಶಂಕರಿ ಜಾತ್ರೆ ಬರುವ ಹೊತ್ತಿಗೆ ಇಲ್ಲಿ ರಜೆ ಮುಗಿದು ಶಾಲೆ ಶುರುವಾಗಿರುತ್ತದೆ. ನಾನು ಆ ತೇರು ನೋಡಿ ಎಷ್ಟೋ ವರ್ಷ ಆಯಿತು. ಫೋನಿನಲ್ಲಿ ತಮ್ಮ ತೋರಿಸುತ್ತಾನೆ, ಧೂಳು, ನಾಟಕದ ಮೈಕಿನ ಸದ್ದು ಎಲ್ಲ ಬರುತ್ತದೆ, ಆದರೂ ಸಮಾಧಾನ ಆಗುವುದಿಲ್ಲ. ಹೋಗಲಿ ಬಿಡು.

ಲಸಿಕೆ ಹಾಕಿಸಿದ ಕಾರ್ಡು, ಜನ್ಮ ದಾಖಲೆ, ಟಿ.ಸಿ. ಕೈಚೀಲದಲ್ಲೇ ಇರಲಿ. ಬೇಸಿಗೆ ರಜೆ ಬಿಟ್ಟರೆ ಹೆಡ್ ಮಾಸ್ತರು ಊರಿಗೆ ಹೋಗಿಬಿಡುತ್ತಾರೆ, ಅದಕ್ಕೆ ಈ ವಾರವೇ ಹೋಗಿ ಕಾಣು. ಪತ್ರಕ್ಕೆ ಸಹಿ ಹಾಕಿಸುವ ಮೊದಲು ನನಗೊಂದು ಫೋಟೋ ಕಳಿಸು, ಯಾವುದಾದರೂ ಅಧ್ಯಾಯ ಬಿಟ್ಟಿದ್ದರೆ ಹೇಳುತ್ತೇನೆ.