ತಾಳವಾಡಿ ಎಲ್ಲಿದೆ ಅಂತ ಕೇಳಿದಿರಲ್ಲ

"ತಮಿಳುನಾಡಿನವರು ಅಂತೀರಿ, ಮನೆಯಲ್ಲಿ ಕನ್ನಡ ಮಾತಾಡ್ತೀರಿ, ಅದು ಹೇಗೆ?" ಅಂತ ಕೇಳಿದಿರಿ. ನಮ್ಮೂರು ತಾಳವಾಡಿಯಿಂದ ಹೊರಗೆ ಹೋದವರೆಲ್ಲ ಒಂದಲ್ಲ ಒಂದು ದಿನ ಕೇಳಿಸಿಕೊಂಡಿರುವ ಪ್ರಶ್ನೆ ಇದು. ಉತ್ತರ ಗೊತ್ತಾಗಬೇಕಾದರೆ ಮೊದಲು ನಮ್ಮ ನೆಲ ಹೇಗಿದೆ ಅಂತ ನೋಡಬೇಕು.

ಸತ್ಯಮಂಗಲದಲ್ಲಿ ಮೈಸೂರು ಬಸ್ ಹತ್ತಿ. ಬಣ್ಣಾರಿ ಅಮ್ಮನ ಗುಡಿ ದಾಟಿದ ಮೇಲೆ ದಿಂಬಂ ಘಾಟಿ ಶುರುವಾಗುತ್ತದೆ. ಒಟ್ಟು 27 ತಿರುವು. ಕೆಳಗೆ ಬೆವರು ಒರೆಸಿಕೊಳ್ಳುತ್ತಿದ್ದವರು ಮೇಲೆ ಬರುವಷ್ಟರಲ್ಲಿ ಕಿಟಕಿ ಮುಚ್ಚುತ್ತಾರೆ. ಇಷ್ಟು ಹತ್ತಿದ ಮೇಲೆ ಆ ಕಡೆ ಇಷ್ಟೇ ಇಳಿಯಬೇಕಲ್ಲ ಅನಿಸುತ್ತದೆ. ಆದರೆ ಅಂಥ ಇಳಿಜಾರು ಸಿಗುವುದೇ ಇಲ್ಲ. ಹಾಸನೂರಿನ ಕಾಡು ದಾಟಿದರೆ ಅಲ್ಲಿಂದ ಚಾಮರಾಜನಗರದವರೆಗೂ ಹೆಚ್ಚುಕಡಿಮೆ ಒಂದೇ ಎತ್ತರದ ನಾಡು. ನಮ್ಮ ತಾಳವಾಡಿ ಇರುವುದು ಈ ಮೇಲ್ನಾಡಿನಲ್ಲಿ. ನಮಗೆ ಘಾಟಿಯೇ ದೊಡ್ಡ ಗಡಿ. ರಾಜ್ಯದ ಗಡಿ ಹೊಲದ ಬದುವಿನ ಹಾಗೆ, ದಾಟಿದ್ದೇ ಗೊತ್ತಾಗುವುದಿಲ್ಲ.

ಬ್ರಿಟಿಷರ ಕಾಲದಲ್ಲಿ ಕೊಳ್ಳೇಗಾಲವೂ ನಾವೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದೆವು. 1956ರಲ್ಲಿ ಭಾಷೆ ನೋಡಿ ರಾಜ್ಯಗಳನ್ನು ಮಾಡಿದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಮದ್ರಾಸಿನಲ್ಲೇ ಉಳಿದೆವು. ಈಗ ನಮ್ಮದು ಈರೋಡು ಜಿಲ್ಲೆ. ಜಿಲ್ಲಾ ಕಚೇರಿಗೆ ಹೋಗಬೇಕೆಂದರೆ ಘಾಟಿ ಇಳಿದು 100 ಕಿಲೋಮೀಟರಿಗೂ ಜಾಸ್ತಿ ದೂರ. ಚಾಮರಾಜನಗರ ಸುಮಾರು 25 ಕಿಲೋಮೀಟರ್. ಹೆಣ್ಣು ಕೊಡುವುದು ತರುವುದು ಆ ಕಡೆ, ಬಟ್ಟೆ ಒಡವೆ ಆ ಕಡೆ, ಜ್ವರ ಜಾಸ್ತಿಯಾದರೆ ಓಡುವುದೂ ಆ ಕಡೆಗೇ. ಪಡಿತರ, ಪಹಣಿ, ವೋಟು ಮಾತ್ರ ಈ ಕಡೆ.

ನಮ್ಮ ಮಾತು ಚಾಮರಾಜನಗರದ ಮಾತೇ. "ಬತ್ತೀನಿ ಕನಣ್ಣ" ಅಂದರೆ ಎರಡು ಕಡೆಯೂ ಒಂದೇ ಥರ ಕೇಳಿಸುತ್ತದೆ. ಕಾಡಂಚಿನಲ್ಲಿ ಸೋಲಿಗರು, ಊರಾಳಿಗಳು ಅನ್ನುವ ಬುಡಕಟ್ಟಿನ ಜನ ಇದ್ದಾರೆ. ತಮಿಳು ಮನೆಮಾತಿನವರೂ ಇದ್ದಾರೆ. ಅಂಗಡಿಯಲ್ಲಿ ಕನ್ನಡದಲ್ಲಿ ಶುರುವಾದ ಮಾತು ತಮಿಳಿನಲ್ಲಿ ಮುಗಿಯುವುದು ನಮಗೆ ದಿನದ ಸಂಗತಿ. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ನಮ್ಮ ತಾಳವಾಡಿಯದೇ ಅಂದರೆ ಬೆಂಗಳೂರಿನವರು ಇವತ್ತಿಗೂ ನಂಬುವುದಿಲ್ಲ. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಅಪಹರಿಸಿದ್ದು ಅಲ್ಲಿನ ಮನೆಯಿಂದಲೇ. ಅವರು ವಾಪಸ್ ಬರುವವರೆಗೆ, 108 ದಿನ, ನಮ್ಮ ಮನೆಯಲ್ಲಿ ರೇಡಿಯೋ ಆರಿಸಿದ್ದು ನನಗೆ ನೆನಪಿಲ್ಲ.

ಬೆಳೆ ಅಂದರೆ ರಾಗಿ, ಜೋಳ, ಆಲೂಗಡ್ಡೆ, ಕೋಸು, ಕಬ್ಬು, ಬಾಳೆ, ಅರಿಶಿನ. ಬೆಳೆಯುವುದು ಕಷ್ಟವಲ್ಲ, ಉಳಿಸಿಕೊಳ್ಳುವುದು ಕಷ್ಟ. ಸುತ್ತ ಇರುವುದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಆದರೆ ನಮ್ಮ ನಿದ್ದೆ ಕೆಡಿಸುವುದು ಹುಲಿಗಿಂತ ಆನೆ. ಮೆಕ್ಕೆಜೋಳ ತೆನೆ ಕಟ್ಟಿತು ಅಂದರೆ ಅಪ್ಪ ಹೊಲದ ಅಟ್ಟಣೆಗೆ ಮಲಗಲು ಹೋಗುತ್ತಿದ್ದರು. ನಾನೂ ಎಷ್ಟೋ ರಾತ್ರಿ ಜೊತೆಗಿದ್ದೇನೆ. ಆನೆ ಬರುವಾಗ ಹೆಜ್ಜೆ ಸದ್ದು ಕೇಳುವುದಿಲ್ಲ. ಅಷ್ಟು ದೊಡ್ಡ ಪ್ರಾಣಿ, ಸದ್ದೇ ಇಲ್ಲ. ಮೊದಲು ಕೇಳುವುದು ಲಟಕ್ ಅಂತ ದಂಟು ಮುರಿಯುವ ಸದ್ದು. ಆಮೇಲೆ ಅಗಿಯುವ ಸದ್ದು. ಅಪ್ಪ ಟಾರ್ಚ್ ಹಾಕುವ ಮುಂಚೆ ನನ್ನ ಬಾಯಿ ಮುಚ್ಚುತ್ತಿದ್ದರು. ತಗಡು ಬಡಿದು, ಪಟಾಕಿ ಹಚ್ಚಿ, ಕೂಗಿ ಓಡಿಸುವಷ್ಟರಲ್ಲಿ ಅರ್ಧ ಎಕರೆ ಹೋಗಿರುತ್ತಿತ್ತು. ಬೆಳಿಗ್ಗೆ ಆ ಹೊಲ ನೋಡಿ ಅವ್ವ ಆನೆಯನ್ನು ಬೈದಿದ್ದು ನಾನು ಕೇಳಿಲ್ಲ. "ಹಸಿವು ಕನಪ್ಪ ಅದಕ್ಕೂ" ಅಂತಿದ್ದಳು. ಆದರೆ ಕಾವಲಿಗೆ ಹೋದವರು ವಾಪಸ್ ಬಾರದೇ ಇರುವುದೂ ಉಂಟು. ಕರುಪ್ಪನ್ ಅಂತ ಹೆಸರಾಗಿದ್ದ ಒಂದು ಒಂಟಿ ಸಲಗವನ್ನು 2023ರ ಏಪ್ರಿಲ್‌ನಲ್ಲಿ ಹಿಡಿದು ಸಾಗಿಸುವವರೆಗೆ ಜನ ಹೊಲಕ್ಕೆ ಹೋಗಲು ಹೆದರುತ್ತಿದ್ದರು.

ಕಾಡುಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತವೆ ಅಂತ 2022ರ ಫೆಬ್ರವರಿಯಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ಕೋರ್ಟಿನ ನಿರ್ಬಂಧ ಇದೆ. ಆ ಮಾತು ನಿಜ, ಒಪ್ಪುತ್ತೇನೆ. ಆದರೆ ಸಂಜೆ ಕಿತ್ತ ತರಕಾರಿ ಬೆಳಗಾಗುವಷ್ಟರಲ್ಲಿ ಕೆಳಗಿನ ಮಾರ್ಕೆಟ್ ಸೇರಬೇಕಾದ ರೈತನ ಕಷ್ಟವೂ ನಿಜ, ಅಲ್ವಾ?

ನೀವು ಬರುವುದಾದರೆ ದೀಪಾವಳಿ ಮುಗಿಯುವ ಹೊತ್ತಿಗೆ ಬನ್ನಿ, ಗುಮಟಾಪುರದಲ್ಲಿ ಗೊರೆ ಹಬ್ಬ ಇರುತ್ತದೆ. ಊರಿನ ಕೊಟ್ಟಿಗೆಗಳ ಸಗಣಿಯನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತಂದು ಬೀರೇಶ್ವರನ ಗುಡಿಯ ಹತ್ತಿರ ರಾಶಿ ಹಾಕುತ್ತಾರೆ. ಹಿಂದೆ ತಿಪ್ಪೆಯಿದ್ದ ಜಾಗದಲ್ಲೇ ದೇವರು ಸಿಕ್ಕಿದ್ದು ಅಂತ ಹಿರಿಯರು ಹೇಳುತ್ತಾರೆ. ಹುಲ್ಲಿನ ಗಡ್ಡ ಮೀಸೆ ಕಟ್ಟಿದ ಚಾಡಿಕೋರನನ್ನು ಕತ್ತೆ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತಾರೆ. ಊರಿನಲ್ಲಿ ಚಾಡಿ ಹೇಳುವವನಿಗೆ ಆಗುವ ಮರ್ಯಾದೆ ಅದು. ಆಮೇಲೆ ಗಂಡಸರು ರಾಶಿಗೆ ಇಳಿದು ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎರಚುತ್ತಾರೆ. ಬೆಚ್ಚಗಿನ ಒದ್ದೆ ಸಗಣಿ ಬೆನ್ನಿಗೆ ಬಿದ್ದಾಗ ಆಗುವ ಖುಷಿಯನ್ನು ಹೇಳಿ ತಿಳಿಸಲು ಆಗುವುದಿಲ್ಲ. ಹಬ್ಬ ಮುಗಿದ ಮೇಲೆ ಆ ಸಗಣಿ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ.

ನನಗೆ ಚಿಂತೆ ಇರುವುದು ಶಾಲೆಯ ವಿಷಯದಲ್ಲಿ. ಇಲ್ಲಿ ಕನ್ನಡ ಶಾಲೆಗಳಿವೆ. 2006ರ ಕಾನೂನಿನ ಪ್ರಕಾರ ಮಕ್ಕಳು ತಮಿಳನ್ನೂ ಕಲಿಯಬೇಕು. ಕಲಿಯಲಿ, ಅದು ಅನ್ನ ಕೊಡುವ ಭಾಷೆ. ಕನ್ನಡ ಓದಿದವನಿಗೆ ಘಾಟಿ ಕೆಳಗೆ ಕೆಲಸ ಸಿಗುವುದಿಲ್ಲ ಅಂತ ತಾಯ್ತಂದೆಯರೇ ಮಕ್ಕಳನ್ನು ಬೇರೆ ಶಾಲೆಗೆ ಹಾಕುತ್ತಿದ್ದಾರಲ್ಲ, ಅದು ನೋವು. ನನ್ನ ಅಣ್ಣನ ಮಗಳು ಮನೆಯಲ್ಲಿ ಪಟಪಟ ಕನ್ನಡ ಮಾತಾಡುತ್ತಾಳೆ. ಹೋದ ಹಬ್ಬದಲ್ಲಿ ಮದುವೆ ಕಾಗದ ಓದಮ್ಮ ಅಂತ ಅಜ್ಜಿ ಅವಳ ಕೈಗೆ ಕೊಟ್ಟರೆ, ಕೂಸು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕಡೆ ಚಾಚಿದಳು. ಈಗ ಭಾನುವಾರ ಭಾನುವಾರ ಜಗಲಿ ಮೇಲೆ ಕೂರಿಸಿಕೊಂಡು ಅ ಆ ಇ ಈ ಬರೆಸುತ್ತಿದ್ದೇನೆ. ಹೋದ ವಾರ ಒತ್ತಕ್ಷರ ಶುರು ಮಾಡಿದ್ದೇವೆ.