ಒಂದು ಅಚ್ಚು, ಹದಿನಾಲ್ಕು ಗೋಡೆ

ಪ್ರಶ್ನೆ: ಸಾರ್, ಸಿವಿಲ್ ಡಿಪ್ಲೊಮಾ ಮುಗಿಸಿ ಹಾಸನದಲ್ಲಿ ಒಬ್ಬ ಆರ್ಕಿಟೆಕ್ಟ್ ಬಳಿ ಕೆಲಸಕ್ಕಿದ್ದೇನೆ. ಸಕಲೇಶಪುರದ ಹತ್ತಿರದ ಒಂದು ಹೋಂಸ್ಟೇಯನ್ನು ರೆವಿಟ್‌ನಲ್ಲಿ (ಕಟ್ಟಡದ ಮಾಡೆಲ್ ಮಾಡುವ ಸಾಫ್ಟ್‌ವೇರ್) ಮಾಡುತ್ತಿದ್ದೇವೆ. ಹೊರಗೋಡೆಗಳ ತಲೆಯಲ್ಲಿ ಸುತ್ತ ಕಾರ್ನಿಸ್, ಅಂದರೆ ಹೊರಕ್ಕೆ ಚಾಚಿದ ಅಂಚುಪಟ್ಟಿ ಇದೆ. ಪ್ರತಿ ಗೋಡೆಗೂ ಮಾಡೆಲ್ ಇನ್-ಪ್ಲೇಸ್‌ಗೆ (ಆ ಜಾಗದಲ್ಲೇ ಆಕಾರ ಮಾಡುವ ಆಯ್ಕೆ) ಹೋಗಿ, ಸೆಕ್ಷನ್ (ಅಡ್ಡಕೊಯ್ತದ ಆಕಾರ) ಬರೆದು, ಅದನ್ನು ಗೋಡೆಯುದ್ದಕ್ಕೂ ಎಳೆದು ಸ್ವೀಪ್ ಮಾಡಿದೆ. ಈಗ ಯಜಮಾನರು 150 ಮಿ.ಮೀ. ಚಾಚು ಸಾಲದು, 200 ಮಾಡಿ ಅಂದಿದ್ದಾರೆ. ಹದಿನಾಲ್ಕು ಕಡೆ ತಿದ್ದಬೇಕು. ಜೊತೆಗೆ ಜಗಲಿಯ ಪಕ್ಕ ಗೋಡೆ ಒಳಕ್ಕೆ ದುಂಡಾಗಿ ತಿರುಗುವ ಕಡೆ ಸ್ವೀಪ್ ಆಗುವುದೇ ಇಲ್ಲ, ಎರರ್ ಬರುತ್ತದೆ. ಬೇರೆ ದಾರಿ ಇದೆಯಾ?

ಉತ್ತರ: ಒಂದೇ ಸೆಕ್ಷನ್ ಹದಿನಾಲ್ಕು ಸಲ ಬರೆದಿದ್ದೀರಲ್ಲ, ನಿಮ್ಮ ತಾಳ್ಮೆ ದೊಡ್ಡದು! ದಾರಿ ಖಂಡಿತ ಇದೆ. ಮನೆಯಲ್ಲಿ ಚಕ್ಕುಲಿ ಒರಳು ನೋಡಿದ್ದೀರಿ ಅಲ್ವಾ? ಕೆಳಗಿನ ಬಿಲ್ಲೆಯಲ್ಲಿ ನಕ್ಷತ್ರದ ತೂತು ಇದ್ದರೆ ಚಕ್ಕುಲಿ, ಸಣ್ಣ ಸಣ್ಣ ತೂತು ಇದ್ದರೆ ಶಾವಿಗೆ. ಪ್ರತಿ ಚಕ್ಕುಲಿಗೂ ಯಾರೂ ಹೊಸ ಬಿಲ್ಲೆ ಕೊರೆಯುವುದಿಲ್ಲ. ರೆವಿಟ್‌ನಲ್ಲಿ ಆ ಬಿಲ್ಲೆಯ ಹೆಸರು ಪ್ರೊಫೈಲ್ ಫ್ಯಾಮಿಲಿ. ಅದು ಬೇರೆಯೇ ಫೈಲು. ಒಮ್ಮೆ ಬರೆದಿಟ್ಟರೆ ಎಲ್ಲಾ ಗೋಡೆಗೂ, ಮುಂದಿನ ಪ್ರಾಜೆಕ್ಟ್‌ಗೂ ಅದೇ ಸಾಕು.

ಹೊಸ ಫ್ಯಾಮಿಲಿ ತೆರೆಯುವಾಗ ಮೆಟ್ರಿಕ್ ಪ್ರೊಫೈಲ್-ಹೋಸ್ಟೆಡ್ ಟೆಂಪ್ಲೇಟ್ ಆರಿಸಿ. ಎರಡು ರೆಫರೆನ್ಸ್ ಪ್ಲೇನ್ (ಆಧಾರದ ಗೆರೆಗಳು) ಒಂದನ್ನೊಂದು ಕತ್ತರಿಸುವುದು ಕಾಣುತ್ತದೆ. ಗೆರೆ ಎಳೆಯುವ ಮೊದಲು ಆ ಜಾಗವನ್ನು ಒಂದು ನಿಮಿಷ ನೋಡಿ. ಇಡೀ ಕೆಲಸದ ಜೀವ ಇರುವುದು ಅಲ್ಲೇ. ಆ ಚುಕ್ಕಿಯೇ ನಿಮ್ಮ ಪ್ರೊಫೈಲ್ ಗೋಡೆಯನ್ನು ಹಿಡಿದುಕೊಳ್ಳುವ ಜಾಗ.

ಗಾರೆಯವರು ಕಾರ್ನಿಸ್ ಎಳೆಯುವುದನ್ನು ಎಂದಾದರೂ ನಿಂತು ನೋಡಿ. ತಗಡನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಹಲಗೆಗೆ ಹೊಡೆದು ಅಚ್ಚು ಮಾಡಿಕೊಳ್ಳುತ್ತಾರೆ. ಗೋಡೆಗೆ ಒಂದು ಪಟ್ಟಿ ಬಡಿದು, ಹಸಿ ಗಾರೆಯ ಮೇಲೆ ಅಚ್ಚನ್ನು ಆ ಪಟ್ಟಿಗೆ ಒತ್ತಿ ಎಳೆಯುತ್ತಾರೆ. ಅಚ್ಚಿನ ಯಾವ ಅಂಚು ಪಟ್ಟಿಗೆ ತಾಗಬೇಕು ಎಂಬುದು ಮೊದಲೇ ಗೊತ್ತಿರದಿದ್ದರೆ ಕಾರ್ನಿಸ್ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಗೋಡೆಯೊಳಗೆ ಹೋಗುತ್ತದೆ. ರೆವಿಟ್‌ನಲ್ಲೂ ಹಾಗೆಯೇ. ಲಂಬ ಪ್ಲೇನ್ ಅಂದರೆ ಗೋಡೆಯ ಮುಖ ಎಂದುಕೊಳ್ಳಿ. ಕಾರ್ನಿಸ್‌ನ ಮೇಲಂಚು ಅಡ್ಡ ಪ್ಲೇನ್‌ಗೆ ಕೂರಲಿ, ಆಕಾರ ಗೋಡೆಯಿಂದ ಹೊರಕ್ಕೆ, ಕೆಳಕ್ಕೆ ಬೆಳೆಯಲಿ.

ಇದನ್ನು ಇಷ್ಟು ಉದ್ದ ಹೇಳಲು ಕಾರಣ ಇದೆ. ಶುರುವಿನಲ್ಲಿ ನಾನು ಮೂಡಿಗೆರೆ ಕಡೆಯ ಒಂದು ಮನೆಗೆ ಸೂರಿನ ದೋಣಿಯ (ಮಳೆನೀರು ಹರಿಯುವ ಕಾಲುವೆ) ಪ್ರೊಫೈಲ್ ಮಾಡಿದ್ದೆ. ಚುಕ್ಕಿಯನ್ನು ದೋಣಿಯ ನಟ್ಟನಡುವೆ ಇಟ್ಟಿದ್ದೆ. ತ್ರೀಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಸೆಕ್ಷನ್ ಡ್ರಾಯಿಂಗ್ ಹಿಡಿದು ಬಡಗಿಯೇ ಫೋನ್ ಮಾಡಿದರು, "ಅಣ್ಣಾ, ದೋಣಿ ಅರ್ಧ ಹಲಗೆಯೊಳಗೆ ಇದೆಯಲ್ಲ, ಹೆಂಗೆ ಕೂರಿಸೋದು?"

ಆಕಾರ ಬರೆಯುವಾಗ ಗೆರೆಗಳು ಪೂರ್ತಿ ಸುತ್ತಿ ಮುಚ್ಚಿಕೊಳ್ಳಬೇಕು. ಒಂದು ಬಾಯಿ ತೆರೆದಿದ್ದರೂ, ಗೆರೆ ಗೆರೆಯನ್ನು ದಾಟಿದ್ದರೂ ಕೆಲಸ ಕೆಡುತ್ತದೆ. ಕ್ಯಾಡ್ ಚಿತ್ರ ಇದ್ದರೆ ಅದನ್ನು ಕೆಳಗಿಟ್ಟು ಮೇಲೆ ಹೊಸದಾಗಿ ಎಳೆಯಿರಿ. ಒಂದರ ಮೇಲೊಂದು ಕೂತ ಗೆರೆಗಳು ಅಂಥ ಫೈಲಿನಲ್ಲಿ ಇದ್ದೇ ಇರುತ್ತವೆ. ಸುಮಾರು 0.8 ಮಿ.ಮೀ.ಗಿಂತ ಚಿಕ್ಕ ಗೆರೆಯನ್ನು ರೆವಿಟ್ ಒಪ್ಪುವುದಿಲ್ಲ. ಹಾಗಾಗಿ ತೀರಾ ಸಣ್ಣ ಕುಸುರಿ ಬಿಟ್ಟುಬಿಡಿ, ದೂರದಿಂದ ಅದು ಕಾಣುವುದೂ ಇಲ್ಲ.

ಇನ್ನು ಅಳತೆ. ಚಾಚಿಗೆ ಒಂದು, ಎತ್ತರಕ್ಕೆ ಒಂದು ಡೈಮೆನ್ಶನ್ ಕೊಟ್ಟು, ಲೇಬಲ್ ಹಾಕಿ ಪ್ಯಾರಾಮೀಟರ್ (ಆಮೇಲೆ ಬದಲಿಸಬಹುದಾದ ಅಳತೆ) ಮಾಡಿ. ಹೊಸಬರು ಉತ್ಸಾಹದಲ್ಲಿ ಪ್ರತಿ ತಿರುವಿಗೂ ಪ್ಯಾರಾಮೀಟರ್ ಹಾಕುತ್ತಾರೆ. ಬೇಡ. ಯಜಮಾನರು ಬದಲಿಸಿ ಅನ್ನುವುದು ಯಾವಾಗಲೂ ಎರಡೇ ಅಳತೆ. ಜಾಸ್ತಿ ಹಾಕಿದಷ್ಟೂ ಆಕಾರ ಎಳೆದಾಡಿ ಮುರಿಯುತ್ತದೆ. ಪ್ರೊಫೈಲ್ ಯೂಸೇಜ್ ಅನ್ನುವ ಸಾಲಿನಲ್ಲಿ ವಾಲ್ ಸ್ವೀಪ್ ಆರಿಸುವುದನ್ನು ಮರೆಯಬೇಡಿ. ಆಗ ಇದು ಕಾರ್ನಿಸ್ ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ, ದೋಣಿಗಳ ಜೊತೆ ಬೆರೆಯುವುದಿಲ್ಲ.

ಪ್ರಾಜೆಕ್ಟ್‌ಗೆ ಲೋಡ್ ಮಾಡಿದ ಮೇಲೆ ವಾಲ್ ಮೆನುವಿನ ಕೆಳಗಿರುವ ವಾಲ್ ಸ್ವೀಪ್ ಬಳಸಿ. ಪ್ಲಾನ್ ವ್ಯೂನಲ್ಲಿ ಅದು ಮಂಕಾಗಿ ಕೂತಿರುತ್ತದೆ, ಒತ್ತಿದರೂ ಏನೂ ಆಗದು. ತ್ರೀಡಿ ಅಥವಾ ಎಲಿವೇಶನ್‌ಗೆ ಹೋಗಿ. ಟೈಪ್ ಡುಪ್ಲಿಕೇಟ್ ಮಾಡಿ ನಿಮ್ಮ ಪ್ರೊಫೈಲ್ ಆರಿಸಿ, ಗೋಡೆ ಮೇಲೆ ಒತ್ತುತ್ತಾ ಹೋಗಿ. ಹೊರಗೋಡೆ ಎಲ್ಲಾ ಒಂದೇ ಟೈಪ್ ಆಗಿದ್ದರೆ ಇನ್ನೂ ಸುಲಭ: ಆ ಟೈಪಿನ ಸ್ಟ್ರಕ್ಚರ್ ಒಳಗೇ ಸ್ವೀಪ್ ಸೇರಿಸಿಬಿಡಿ, ಗೋಡೆ ಎಳೆದಂತೆಲ್ಲ ಕಾರ್ನಿಸ್ ತಾನೇ ಬರುತ್ತದೆ.

ಆಮೇಲೆ 150 ಅನ್ನು 200 ಮಾಡುವುದು ಒಂದು ನಿಮಿಷದ ಕೆಲಸ. ಪ್ರಾಜೆಕ್ಟ್ ಬ್ರೌಸರ್‌ನಲ್ಲಿ ಫ್ಯಾಮಿಲೀಸ್, ಅದರೊಳಗೆ ಪ್ರೊಫೈಲ್ಸ್, ನಿಮ್ಮ ಟೈಪ್ ತೆರೆದು ಅಂಕೆ ಬದಲಿಸಿ. ಹದಿನಾಲ್ಕೂ ಒಟ್ಟಿಗೆ ಬದಲಾಗುತ್ತವೆ. ಆಕಾರವನ್ನೇ ತಿದ್ದಿ ಮತ್ತೆ ಲೋಡ್ ಮಾಡುವಾಗ ಮಾತ್ರ ಎಚ್ಚರ. ಪ್ಯಾರಾಮೀಟರ್ ಬೆಲೆಗಳನ್ನೂ ಓವರ್‌ರೈಟ್ ಮಾಡು ಎಂದು ಒತ್ತಿದರೆ ಪ್ರಾಜೆಕ್ಟ್‌ನಲ್ಲಿ ನೀವು ಮಾಡಿದ 200 ಹೋಗಿ ಹಳೇ 150 ವಾಪಸ್ ಬಂದೀತು. ಇನ್ನೊಂದು ಲಾಭ, ವಾಲ್ ಸ್ವೀಪ್‌ಗಳ ಒಟ್ಟು ಉದ್ದ ಶೆಡ್ಯೂಲ್‌ನಲ್ಲಿ ಸಿಗುತ್ತದೆ. ಗಾರೆಯವರು ಕೂಲಿ ಕೇಳುವುದು ರನ್ನಿಂಗ್ ಫೂಟ್ ಲೆಕ್ಕದಲ್ಲೇ.

ಈಗ ಆ ದುಂಡು ತಿರುವು. ಗೋಡೆ ಒಳಕ್ಕೆ ಬಾಗಿದಾಗ ಕಾರ್ನಿಸ್ ಚಾಚುವುದು ಬಾಗಿನ ಕೇಂದ್ರದ ಕಡೆಗೆ. ಬಾಗಿನ ತ್ರಿಜ್ಯ 120 ಮಿ.ಮೀ. ಇದ್ದು ಪ್ರೊಫೈಲ್ 150 ಚಾಚಿದರೆ ಅದು ಕೇಂದ್ರ ದಾಟಿ ತನ್ನನ್ನೇ ತಾನು ತಿನ್ನುತ್ತದೆ. ಎರರ್ ಬರುವುದು ಅದಕ್ಕೇ. ನಿಮಗೆ ಇನ್ನು ಮುಂದೆ 200ಕ್ಕಿಂತ ದೊಡ್ಡ ತ್ರಿಜ್ಯವೇ ಬೇಕು. ಚೌಕ ಮೂಲೆಗೂ ಇದೇ ಲೆಕ್ಕ ಉಂಟು. 90 ಡಿಗ್ರಿಯ ಒಳಮೂಲೆ ಎರಡು ಅಕ್ಕಪಕ್ಕ ಬಂದರೆ, ನಡುವಿನ ಗೋಡೆ ಚಾಚಿನ ಎರಡರಷ್ಟಕ್ಕಿಂತ ಉದ್ದ ಇರಬೇಕು. 200 ಚಾಚಿಗೆ 400ಕ್ಕಿಂತ ಜಾಸ್ತಿ. ಆದರೆ ಒಂದು ಒಳಮೂಲೆ, ಒಂದು ಹೊರಮೂಲೆ ಬಂದರೆ ತೊಂದರೆ ಇಲ್ಲ. ಒಂದು ಕಡೆ ತಿಂದದ್ದನ್ನು ಇನ್ನೊಂದು ಕಡೆ ಕೊಡುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಭಾನುವಾರ ಬೇಲೂರಿಗೆ ಹೋಗಿ, ಹಾಸನದಿಂದ ಒಂದು ಗಂಟೆ ದಾರಿ. ಚೆನ್ನಕೇಶವನ ಗುಡಿ 1117ರದು. ಮೂರ್ತಿಗಳನ್ನು ಆಮೇಲೆ ನೋಡಿ, ಮೊದಲು ನಕ್ಷತ್ರದಂತೆ ಮೂಲೆ ಮೂಲೆ ಮಡಿಸಿದ ಜಗತಿಯ, ಅಂದರೆ ಗುಡಿ ನಿಂತ ಕಟ್ಟೆಯ, ಅಂಚು ಹಿಡಿದು ನಡೆಯಿರಿ. ಒಳಗೆ, ಹೊರಗೆ, ಒಳಗೆ, ಹೊರಗೆ ಎಂದು ಮೂಲೆಗಳು ಎಷ್ಟು ಬಂದರೂ ಸೆಕ್ಷನ್ ಒಂದೇ. ಹಳೇಬೀಡಿನಲ್ಲೂ ಗೋಡೆಯ ಬುಡದ ಪಟ್ಟಿಗಳು ಹೀಗೇ ಓಡುತ್ತವೆ. ಪಟ್ಟಿಯನ್ನೇನೋ ಸ್ವೀಪ್ ಮಾಡಬಹುದು. ಅದರ ಮೇಲಿನ ಆನೆ ಸಾಲು ಮಾತ್ರ ಯಾವ ಪ್ರೊಫೈಲ್‌ಗೂ ಸಿಗುವುದಿಲ್ಲ!

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಸ್ವಂತ ಡ್ರಾಯಿಂಗ್ ಕೆಲಸ ಮಾಡುತ್ತೇನೆ. ದುಬಾರಿ ಸಾಫ್ಟ್‌ವೇರ್ ಕೊಳ್ಳಲು ಆಗುವುದಿಲ್ಲ. ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನಲ್ಲಿ ಹೀಗೆ ಒಂದೇ ಸೆಕ್ಷನ್ ಎಲ್ಲಾ ಕಡೆ ಬಳಸುವುದು ಸಾಧ್ಯವಾ?

ಉತ್ತರ: ಸಾಧ್ಯ. 2024ರ ನವೆಂಬರ್‌ನಲ್ಲಿ ಬಂದ ಫ್ರೀಕ್ಯಾಡ್ 1.0ರಲ್ಲಿ ಬಿಮ್ (ಕಟ್ಟಡ ಮಾಡೆಲಿಂಗ್) ವರ್ಕ್‌ಬೆಂಚ್ ಒಳಗೇ ಸೇರಿದೆ. ಸೆಕ್ಷನ್ ಅನ್ನು ಒಂದು ಸ್ಕೆಚ್ ಆಗಿ ಬರೆಯಿರಿ. ಡ್ರಾಫ್ಟ್‌ನ ಕ್ಲೋನ್ ಬಳಸಿ ಅದರ ನಕಲನ್ನು ಪ್ರತಿ ದಾರಿಯ ಶುರುವಿನಲ್ಲಿ, ದಾರಿಗೆ ಅಡ್ಡವಾಗಿ ನಿಲ್ಲಿಸಿ. ಆಮೇಲೆ ಪಾರ್ಟ್ ವರ್ಕ್‌ಬೆಂಚಿನ ಸ್ವೀಪ್. ಮೂಲ ಸ್ಕೆಚ್ ತಿದ್ದಿದರೆ ಕ್ಲೋನ್‌ಗಳೂ ತಿದ್ದಿಕೊಳ್ಳುತ್ತವೆ. ಅಳತೆಗಳನ್ನು ಅದರದ್ದೇ ಸ್ಪ್ರೆಡ್‌ಶೀಟ್‌ನಲ್ಲಿ ಇಟ್ಟರೆ ಇನ್ನೂ ಚೆಂದ. ರೆವಿಟ್‌ಗಿಂತ ಕೈಕೆಲಸ ಸ್ವಲ್ಪ ಜಾಸ್ತಿ, ಅಷ್ಟೇ.

ಪ್ರಶ್ನೆ: ಸ್ಕೆಚಪ್ ಸಾಫ್ಟ್‌ವೇರ್‌ನ ಫಾಲೋ ಮಿಯಲ್ಲಿ (ಸೆಕ್ಷನ್ ಅನ್ನು ದಾರಿಯುದ್ದ ಎಳೆಯುವ ಸಾಧನ) ಸೆಕ್ಷನ್ ಬದಲಿಸಿದರೆ ದೋಣಿ ಯಾಕೆ ಬದಲಾಗುವುದಿಲ್ಲ?

ಉತ್ತರ: ಅದು ಒಮ್ಮೆ ಎಳೆದು ಮುಗಿಸುತ್ತದೆ, ಸೆಕ್ಷನ್‌ನ ನೆನಪು ಇಟ್ಟುಕೊಳ್ಳುವುದಿಲ್ಲ. ಸೆಕ್ಷನ್ ಮತ್ತು ದಾರಿ ಎರಡರದ್ದೂ ಒಂದೊಂದು ಪ್ರತಿ ಪಕ್ಕಕ್ಕೆ ತೆಗೆದಿಡಿ, ಬದಲಾದಾಗ ಮತ್ತೆ ಎಳೆಯಿರಿ. ಒಂದು ಮಾತು, ಯಾವ ಸಾಫ್ಟ್‌ವೇರ್ ಆದರೂ ಸರಿ, ಸೂರಿನ ಅಂಚನ್ನೇ ದಾರಿ ಮಾಡಿಕೊಂಡರೆ ದೋಣಿ ಅದರ ಜೊತೆ ಮಟ್ಟವಾಗಿ ಓಡುತ್ತದೆ. ನೀರು ಇಳಿಯಲು ಬೇಕಾದ ಓಟ (ಇಳಿಜಾರು) ಅದರಲ್ಲಿ ಬರುವುದಿಲ್ಲ. ಹಿಂದೆ ಅಡಿಕೆ ಮರ ಸೀಳಿ ದೋಣಿ ಕಟ್ಟುತ್ತಿದ್ದವರು ಒಂದು ತುದಿಯನ್ನು ತಗ್ಗಿಸಿಯೇ ಕಟ್ಟುತ್ತಿದ್ದರು. ಮಲೆನಾಡಿನ ಮಳೆಗೆ ಅದು ಬೇಕೇ ಬೇಕು. ಪೈಪ್ ಯಾವ ಕಡೆ, ಓಟ ಎಷ್ಟು ಎಂದು ಡ್ರಾಯಿಂಗ್ ಮೇಲೆ ಕೈಯಾರೆ ಬರೆದು ಕೊಡಿ.