ಪುಣೆಯಲ್ಲಿ ಬೆಳೆಯುವ ಮಗಳು ‘ನಾನು ಎಲ್ಲಿಯವಳು’ ಅಂತ ಕೇಳಿದರೆ ಏನು ಹೇಳೋದು?

ನೀವು ಕೇಳಿದ್ದು ಇಷ್ಟು. ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿದ್ದೀರಿ. ಕೆಲಸ ಹಿಂಜೆವಾಡಿಯ ಕಂಪನಿಯಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಮಗಳ ಶಾಲೆಯಲ್ಲಿ ಇಂಗ್ಲಿಷ್, ಅವಳ ಕಿವಿಯಲ್ಲಿ ಕೊರಿಯಾದ ಹಾಡು. ಎಲ್ಲ ಊರುಗಳೂ ಒಂದೇ ಥರ ಆಗುತ್ತಿರುವಾಗ, ಸಂಸ್ಕೃತಿ ಅನ್ನೋದು ಒಬ್ಬರ ‘ನಾನು’ವನ್ನು ಇನ್ನೂ ರೂಪಿಸುತ್ತದಾ? ಎರಡು ಸಂಸ್ಕೃತಿಗಳ ನಡುವೆ ಬೆಳೆದರೆ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಗುತ್ತದಾ? ಮಗಳು ಕೇಳಿದ ಪ್ರಶ್ನೆಗೆ ಉತ್ತರ ಏನು?

ರೂಪಿಸುತ್ತದೆ, ಖಂಡಿತ. ನಾನು ಹುಟ್ಟಿ ಬೆಳೆದದ್ದೇ ಮುಂಬೈಯಲ್ಲಿ. ಮನೆಮಾತು ತುಳು, ಓದು ಬರಹ ಕನ್ನಡ, ನೆರೆಹೊರೆ ಮರಾಠಿ. ಇಷ್ಟು ವರ್ಷ ಕಂಡದ್ದರಲ್ಲಿ ನನಗೆ ಅನಿಸಿದ್ದು ಒಂದೇ. ನಮಗೆ ಒಪ್ಪಿಸಿದ ಕೆಲಸಗಳ ಮೂಲಕ ಸಂಸ್ಕೃತಿ ನಮ್ಮೊಳಗೆ ಇಳಿಯುತ್ತದೆ. ಯಾರೋ ಹೆಸರು ಹಿಡಿದು ಕರೆದು, ‘ಇದು ನಿನ್ನ ಪಾಲು, ನೀನೇ ಮಾಡಬೇಕು’ ಅನ್ನುತ್ತಾರಲ್ಲ, ಅಲ್ಲಿ ‘ನಾನು’ ಗಟ್ಟಿಯಾಗುತ್ತದೆ. ಹಾಡು, ಊಟ, ಉಡುಪು ಎಲ್ಲ ಆಮೇಲಿನ ಮಾತು.

ನಾನು ನವಿ ಮುಂಬೈಯ ಐರೋಲಿಯಲ್ಲಿ ಒಂದು ವಿದೇಶಿ ಬ್ಯಾಂಕಿನ ಲೆಕ್ಕಪತ್ರ ನೋಡುವ ಆಫೀಸಿನಲ್ಲಿದ್ದೇನೆ. ವರ್ಷದ ಕೊನೆಗೆ ಎಲ್ಲರೂ ಅಪ್ರೈಸಲ್ ಫಾರ್ಮ್ ತುಂಬಬೇಕು. ‘ಈ ವರ್ಷ ನೀವು ಸಾಧಿಸಿದ್ದೇನು’ ಅಂತ ಒಂದು ಕಾಲಂ ಇದೆ. ನನ್ನ ಟೀಮಿನಲ್ಲಿ ಕಾರವಾರದ ಕಡೆಯ ಒಬ್ಬಳು ಹುಡುಗಿ. ತಿಂಗಳುಗಟ್ಟಲೆ ತಾಳೆಯಾಗದೆ ಉಳಿದಿದ್ದ ಲೆಕ್ಕವನ್ನು ಕೂತು ಬಿಡಿಸಿದವಳು ಅವಳೇ. ಫಾರ್ಮಿನಲ್ಲಿ ಮಾತ್ರ ‘ನಮ್ಮ ಟೀಮ್ ಬಗೆಹರಿಸಿತು’ ಅಂತ ಬರೆದಿದ್ದಳು. ಕರೆದು ಕೇಳಿದೆ. “ಮೇಡಂ, ಪಕ್ಕದ ಟೀಮಿನವರು ಹಳೆ ಫೈಲ್ ಹುಡುಕಿ ಕೊಡದಿದ್ದರೆ ಆಗ್ತಿತ್ತಾ? ನಾನೇ ಮಾಡಿದೆ ಅಂತ ಹೇಗೆ ಬರೆಯೋದು?” ಅಂದಳು. ಅವಳಿಗೆ ಅದು ನಾಚಿಕೆಯ ವಿಷಯ ಅಲ್ಲ, ನ್ಯಾಯದ ವಿಷಯ. ಅದೇ ಹುಡುಗಿ ಮನೆಯವರ ಜೊತೆ ಹಟ ಹಿಡಿದು, ‘ನನ್ನ ಬದುಕು ನನ್ನದು’ ಅಂತ ಹೇಳಿ ಪಿಜಿಯಲ್ಲಿ ಇದ್ದಾಳೆ. ಎರಡೂ ಅವಳೇ.

ಮನಶ್ಶಾಸ್ತ್ರದವರು ಇದನ್ನು ಬಹಳ ಹಿಂದೆಯೇ ಹಿಡಿಯಲು ನೋಡಿದ್ದಾರೆ. ಹೇಝೆಲ್ ಮಾರ್ಕಸ್ ಮತ್ತು ಶಿನೊಬು ಕಿತಾಯಾಮಾ 1991ರಲ್ಲಿ ಬರೆದ ಒಂದು ಪ್ರಬಂಧ ಈ ವಿಷಯಕ್ಕೆ ಅಡಿಪಾಯದ ಹಾಗೆ. ಕೆಲವು ಸಮಾಜಗಳಲ್ಲಿ ‘ನಾನು’ ಅಂದರೆ ಬೇರೆಯವರಿಂದ ಬಿಡಿಸಿಕೊಂಡು ನಿಂತವನು. ಇನ್ನು ಕೆಲವು ಕಡೆ ‘ನಾನು’ ಅಂದರೆ ಸಂಬಂಧಗಳ ನಡುವೆ ಇರುವವನು. ಅಮೆರಿಕ ಮೊದಲಿನದು, ಜಪಾನ್ ಎರಡನೆಯದು ಅನ್ನುವ ಥರ ಅವರು ವಿವರಿಸಿದರು. ಮಾತಿನಲ್ಲಿ ಸತ್ಯ ಇದೆ. ಆದರೆ ಇಡೀ ಏಷ್ಯಾವನ್ನು ಒಂದೇ ಕಡೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. 1997ರಲ್ಲಿ ಕೀನ್ಯಾದ ಬಗ್ಗೆ ಬಂದ ಒಂದು ಅಧ್ಯಯನ ನೋಡಿ. ‘ನಾನು ಯಾರು’ ಅನ್ನುವ ಪ್ರಶ್ನೆಗೆ ಇಪ್ಪತ್ತು ಉತ್ತರ ಕೊಡಿ ಅಂತ ಕೇಳಿದರು. ಅಲ್ಲಿನ ಮಸಾಯಿ ಮತ್ತು ಸಂಬುರು ಬುಡಕಟ್ಟಿನ ಜನ ಕೊಟ್ಟ ಉತ್ತರಗಳಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇಂಥವರ ಮಗ, ಇಂಥ ಗುಂಪಿನವನು ಅನ್ನುವ ಥರದವು. ಅದೇ ದೇಶದ ನೈರೋಬಿ ವಿಶ್ವವಿದ್ಯಾಲಯದ ಹುಡುಗರ ಉತ್ತರಗಳು ಅಮೆರಿಕದ ವಿದ್ಯಾರ್ಥಿಗಳ ಉತ್ತರಕ್ಕೆ ಹತ್ತಿರ ಇದ್ದವು. ಒಂದೇ ದೇಶದೊಳಗೆ ಪೇಟೆ ಮತ್ತು ಓದು ಇಷ್ಟು ವ್ಯತ್ಯಾಸ ಮಾಡುತ್ತವೆ ಅಂದಮೇಲೆ, ದೇಶದ ಹೆಸರು ಹೇಳಿ ಮನುಷ್ಯರನ್ನು ಅಳೆಯೋದು ಹೇಗೆ?

ನಮ್ಮ ಮನೆಯದೇ ಉದಾಹರಣೆ ಹೇಳುತ್ತೇನೆ, ಯಾಕೆಂದರೆ ಇದರ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ನಮ್ಮದು ತುಳುನಾಡಿನ ಅಳಿಯಕಟ್ಟಿನ ಮನೆತನ. ‘ಬಳಿ’ ಅಂದರೆ ಕುಲದ ಗುರುತು, ಅದು ಬರುವುದು ತಾಯಿಯ ಕಡೆಯಿಂದ. ಕಾರ್ಕಳದ ಹತ್ತಿರದ ಅಜ್ಜಿ ಮನೆಗೆ ಹೋದರೆ ಅಕ್ಕಪಕ್ಕದವರು ನನ್ನನ್ನು ಗುರುತಿಸುವುದು ಅಮ್ಮನ ಹೆಸರಿನಿಂದ. ಆಸ್ತಿಯ ಲೆಕ್ಕವನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬದಲಾಯಿಸಿತು. ಆದರೆ ಇವತ್ತಿಗೂ ಮದುವೆ ಮಾತುಕತೆಯಲ್ಲಿ ಬಳಿ ಯಾವುದು ಅಂತ ಮೊದಲು ನೋಡುತ್ತಾರೆ. ಮುಂಬೈಯ ಶಾಲೆಗೆ ಬಂದರೆ ಹಾಜರಿ ಪುಸ್ತಕದಲ್ಲಿ ಇಲ್ಲಿನ ರೂಢಿಯ ಪ್ರಕಾರ ನನ್ನ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಮನೆತನದ ಹೆಸರು. ಮದುವೆಯಾದ ಮೇಲೆ ಆ ನಡುವಿನ ಜಾಗಕ್ಕೆ ಗಂಡನ ಹೆಸರು ಬರಬೇಕು ಅಂತ ಬ್ಯಾಂಕಿನಲ್ಲೂ ರೇಷನ್ ಕಚೇರಿಯಲ್ಲೂ ಹೇಳಿದರು. ಊರಲ್ಲಿ ಅಮ್ಮನ ಮಗಳಾಗಿದ್ದವಳು ಇಲ್ಲಿ ಅಪ್ಪನ ಮಗಳು, ಆಮೇಲೆ ಗಂಡನ ಹೆಂಡತಿ. ಫಾರ್ಮ್ ತುಂಬುವಾಗೆಲ್ಲ ಅಮ್ಮ ಎಲ್ಲಿ ಹೋದಳು ಅಂತ ನನಗೆ ಅನಿಸುತ್ತಿತ್ತು.

2024ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ನಿಯಮ ತಂದಿತು. 2024ರ ಮೇ 1 ಅಥವಾ ಅದರ ನಂತರ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಈ ಕ್ರಮದಲ್ಲಿ ಬರಬೇಕು. ಸುದ್ದಿ ಓದಿದ ದಿನ ನಾನು ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಮ್ಮನಿಗೆ ತುಂಬ ಸಂತೋಷ ಆಯಿತು. ಕಚೇರಿಯ ಫಾರ್ಮ್ ಕೂಡ ಸಂಸ್ಕೃತಿಯ ಭಾಗವೇ ಅಲ್ವಾ? ನೀವು ಯಾರು ಅಂತ ಅದು ವರ್ಷಗಟ್ಟಲೆ ನಿಮ್ಮಿಂದಲೇ ಬರೆಸಿಕೊಳ್ಳುತ್ತದೆ.

ಇನ್ನು ಒಪ್ಪಿಸಿದ ಕೆಲಸದ ಮಾತು. ಮುಂಬೈಯ ಉಪನಗರಗಳಲ್ಲಿ ತುಳು ಕನ್ನಡಿಗರ ಶನಿಪೂಜಾ ಸಮಿತಿಗಳು ಬಹಳ. ಶನಿವಾರ ಸಂಜೆ ಶನಿಗ್ರಂಥ ಪಾರಾಯಣ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಡೊಂಬಿವಲಿಯ ಅಂಥ ಒಂದು ಕಡೆ ನನ್ನ ಚಿಕ್ಕಮ್ಮನ ಮಗ ಓದುತ್ತಾನೆ. ಪವಾಯಿಯಲ್ಲಿ ಸಾಫ್ಟ್‌ವೇರ್ ಕೆಲಸ, ಕಲಿತದ್ದೆಲ್ಲ ಇಂಗ್ಲಿಷ್ ಮೀಡಿಯಂ. ಮೊದಲು ಅವನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಅಲ್ಲಿ ಓದುತ್ತಿದ್ದ ಹಿರಿಯರೊಬ್ಬರಿಗೆ ಕಣ್ಣು ಮಂಜಾಯಿತು. ‘ಇನ್ನು ಮೇಲೆ ನೀನು ಓದು ಮಗಾ’ ಅಂದರು. ಅಷ್ಟೇ. ಅವನು ಅಕ್ಷರ ಕಲಿತ. ಈಗ ಎಳ್ಳೆಣ್ಣೆ ದೀಪದ ಪಕ್ಕ ಕೂತು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುತ್ತಾನೆ. ‘ಳ’ ಬಂದಲ್ಲಿ ‘ಲ’ ಅಂದರೆ ಆ ಹಿರಿಯರು ಕಣ್ಣು ಮುಚ್ಚಿಕೊಂಡೇ ತಿದ್ದುತ್ತಾರೆ. ಅವನು ಆ ಸಾಲನ್ನು ಮತ್ತೆ ಓದುತ್ತಾನೆ. ಅವನು ನಿಲ್ಲಿಸಿದರೆ ಅರ್ಥ ಹೇಳುವವರೂ ನಿಲ್ಲಿಸಬೇಕು, ಕೂತವರೆಲ್ಲ ಕಾಯಬೇಕು. ಹುಡುಗನ ಬೆನ್ನು ನೆಟ್ಟಗಾಗಿರುವುದನ್ನು ನಾನು ಕಂಡಿದ್ದೇನೆ. ನಾನು ಯಾವ ಊರಿನವನು ಅನ್ನುವ ಗೊಂದಲ ಅವನ ಬಾಯಲ್ಲಿ ಈಗ ಬರುವುದಿಲ್ಲ.

ಇದು ಹೊಸದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಇಲ್ಲಿ ಶುರುವಾದದ್ದು 1902ರಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದರು. ಹಗಲೆಲ್ಲ ‘ಏ ಹುಡುಗಾ’ ಅಂತ ಕರೆಸಿಕೊಂಡವನಿಗೆ ರಾತ್ರಿ ಶಾಲೆಯಲ್ಲಿ ಒಂದು ಹೆಸರು ಇರುತ್ತಿತ್ತು, ನಾಟಕದಲ್ಲಿ ಒಂದು ಪಾತ್ರ ಇರುತ್ತಿತ್ತು. 1978ರಲ್ಲಿ ಮುಂಬೈ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಬಂದದ್ದೂ ಇಂಥ ಜನ ಇಲ್ಲಿ ಇದ್ದದ್ದರಿಂದಲೇ.

ಜಾಗತೀಕರಣ ಎಲ್ಲವನ್ನೂ ಅಳಿಸುತ್ತದೆ ಅನ್ನುವ ಭಯ ನನಗಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾದ ಮೇಲೆ ನಮ್ಮವರು ಊರಿಗೆ ಹೋಗುವುದು ಹೆಚ್ಚಾಯಿತು. ಈಗ ಊರಿನ ಯಕ್ಷಗಾನವನ್ನು ದುಬೈಯಲ್ಲಿ ಇರುವವರೂ ಮೊಬೈಲಿನಲ್ಲಿ ನೋಡುತ್ತಾರೆ. ನನ್ನ ಚಿಂತೆ ಬೇರೆ. ನೋಡುವುದು ಸುಲಭವಾಯಿತು, ಮಾಡುವುದು ಕಡಿಮೆಯಾಯಿತು. ನವೆಂಬರಿನಲ್ಲಿ ಒಂದು ದಿನ ಮಗುವಿಗೆ ಸೀರೆ ಉಡಿಸಿ ಕುಣಿಸಿ ಫೋಟೋ ತೆಗೆದರೆ ಅದರಿಂದ ಮಗುವಿನೊಳಗೆ ಏನೂ ಉಳಿಯುವುದಿಲ್ಲ.

ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಗುತ್ತದಾ ಅಂತಲೂ ಕೇಳಿದ್ದೀರಿ. 2000ದಲ್ಲಿ ಬಂದ ಒಂದು ಅಧ್ಯಯನದಲ್ಲಿ ಹಾಂಗ್‌ಕಾಂಗ್‌ನ ವಿದ್ಯಾರ್ಥಿಗಳಿಗೆ ಮೀನಿನ ಚಿತ್ರ ತೋರಿಸಿದರು. ಒಂದು ಮೀನು ಮುಂದೆ, ಉಳಿದವು ಹಿಂದೆ. ಮುಂದಿನ ಮೀನು ಹಾಗೆ ಹೋಗುತ್ತಿರುವುದು ಯಾಕೆ ಅಂತ ಕೇಳಿದರು. ಮೊದಲು ಅಮೆರಿಕದ ಚಿತ್ರಗಳನ್ನು ನೋಡಿದವರು ಕಾರಣವನ್ನು ಆ ಮೀನಿನೊಳಗೇ ಹುಡುಕಿದ್ದು ಜಾಸ್ತಿ. ಚೀನಾದ ಚಿತ್ರಗಳನ್ನು ನೋಡಿದವರು ಹಿಂದಿನ ಗುಂಪಿನಲ್ಲಿ ಹುಡುಕಿದ್ದು ಜಾಸ್ತಿ. ಒಬ್ಬರೊಳಗೇ ಎರಡು ನೋಟ ಇರುತ್ತವೆ, ಸಂದರ್ಭ ಯಾವುದನ್ನು ಕರೆದರೆ ಅದು ಬರುತ್ತದೆ. 2002ರಲ್ಲಿ ಇದನ್ನೇ ಮುಂದುವರಿಸಿದವರು ಇನ್ನೊಂದು ಕಂಡರು. ತನ್ನೊಳಗಿನ ಎರಡು ಸಂಸ್ಕೃತಿಗಳಿಗೆ ಜಗಳ ಇದೆ ಅಂದುಕೊಂಡವರಲ್ಲಿ ಈ ಬದಲಾವಣೆ ತಿರುಗುಮುರುಗಾಗುತ್ತದೆ. ಹಾಗಾಗಿ ನಿಮ್ಮಲ್ಲಿ ನನ್ನ ಒಂದು ಕೋರಿಕೆ: ಕೊರಿಯಾದ ಹಾಡಿಗೂ ಧಾರವಾಡಕ್ಕೂ ಮಗಳ ಮುಂದೆ ಜಗಳ ಹಚ್ಚಬೇಡಿ. 13 ದೇಶಗಳಲ್ಲಿ 5 ಸಾವಿರಕ್ಕೂ ಹೆಚ್ಚು ವಲಸಿಗ ಹದಿಹರೆಯದವರನ್ನು ನೋಡಿದ 2006ರ ಅಧ್ಯಯನದಲ್ಲೂ ಎರಡನ್ನೂ ಹಿಡಿದುಕೊಂಡವರೇ ಹೆಚ್ಚು ಚೆನ್ನಾಗಿದ್ದರು.

ಪುಣೆಯಲ್ಲಿ ಕನ್ನಡ ಸಂಘ ಇದೆ, ಹೋಗಿ. ಆದರೆ ಅವಳನ್ನು ಸುಮ್ನೆ ಕುರ್ಚಿಯಲ್ಲಿ ಕೂರಿಸಬೇಡಿ. ಕಾರ್ಯಕ್ರಮದ ಏನಾದರೂ ಒಂದು ಕೆಲಸ ಕೇಳಿ ಕೊಡಿಸಿ. ಸಣ್ಣವಳಾದರೆ ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನು ಮಾಡುವುದು ಪೂರ್ತಿ ಅವಳ ಜವಾಬ್ದಾರಿ ಆಗಲಿ. ಕೊಂಬು ಸೊಟ್ಟಗಾದರೂ ನೀವು ಕೈ ಹಾಕಬೇಡಿ, ಪೂಜೆಗೆ ಅದನ್ನೇ ಇಡಿ. ದೊಡ್ಡವಳಾಗಿದ್ದರೆ ಧಾರವಾಡದ ಮನೆಯ ಒಂದು ನಿಜವಾದ ಕೆಲಸ ಕೊಡಿ. ಅಜ್ಜಿಯ ಔಷಧಿಯ ಲೆಕ್ಕ, ಅಲ್ಲಿನ ಲೈಟ್ ಬಿಲ್ಲು, ಯಾವುದಾದರೂ ಆಗಲಿ. ಮಾತ್ರೆ ಮುಗಿದರೆ ಅಜ್ಜಿ ನಿಮ್ಮನ್ನು ಬಿಟ್ಟು ನೇರ ಅವಳಿಗೇ ಫೋನ್ ಮಾಡಲಿ.